ಹುಟ್ಟುಗೋಲಿಗೆ ಕಟ್ಟಿದ ತಂತಿ

ಮಾಸ್ತಿಯ ಹುಟ್ಟುಗೋಲು ಅಡುಗೆಕೋಣೆಯ ಮಾಡಿನ ಕೆಳಗೆ ತೆಂಗಿನ ನಾರಿನ ಎರಡು ಕತ್ತದ ಕುಣಿಕೆಗಳಲ್ಲಿ ತೊಟ್ಟಿಲಿನ ಹಾಗೆ ತೂಗಿಕೊಂಡಿತ್ತು. ಅವನದೇ ಹಳೆಯ ಪಂಚೆಯನ್ನು ಅದಕ್ಕೆ ಸುತ್ತಿದ್ದರು. ಒಲೆಯ ಹೊಗೆ ತಾಗಿ ತಾಗಿ ಪಂಚೆ ಚಹಾದ ಬಣ್ಣಕ್ಕೆ ತಿರುಗಿತ್ತು. ಮನೆಗೆ ಹೊಸದಾಗಿ ಬಂದವರು ತಲೆಯೆತ್ತಿ ನೋಡಿ, ಏನದು ಎಂದು ಕೇಳಲು ಬಾಯಿ ತೆರೆದು, ಅವನ ಹೆಂಡತಿ ದಮಯಂತಿಯ ಮುಖ ಕಂಡು ಸುಮ್ಮನಾಗುತ್ತಿದ್ದರು.

ಮಳೆಗಾಲ ಕಳೆದು ದೋಣಿಗಳು ಮೊದಲ ಸಲ ನೀರಿಗಿಳಿದ ದಿನ ಮಾಸ್ತಿ ತನ್ನ ಸಣ್ಣ ಪಾತಿದೋಣಿಯಲ್ಲಿ ಒಬ್ಬನೇ ಬೇಲೇಕೇರಿಯ ಕೊಲ್ಲಿ ದಾಟಿ ಹೋದವನು. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ದೋಣಿ ಸಿಗಲಿಲ್ಲ, ಅವನೂ ಸಿಗಲಿಲ್ಲ. ಕೆಲವು ದಿನಗಳಾದ ಮೇಲೆ ಹಾರವಾಡದ ದಂಡೆಯಲ್ಲಿ ಹುಟ್ಟುಗೋಲೊಂದೇ ಬಂದು ಮಲಗಿತ್ತು. ದಾರಿ ನಡೆದು ದಣಿದವರು ಮಲಗುತ್ತಾರಲ್ಲ, ಹಾಗೆ, ಉದ್ದಕ್ಕೆ.

ಅವರ ಕೇರಿಯಲ್ಲಿ ಇಂಥದಕ್ಕೊಂದು ಪದ್ಧತಿ ಇತ್ತು. ಸಮುದ್ರಕ್ಕೆ ಹೋದವನ ಹೆಣ ಸಿಗದಿದ್ದರೆ ಹನ್ನೆರಡು ವರ್ಷ ಕಾಯಬೇಕು. ಅಲ್ಲಿಯವರೆಗೆ ಅವನು ಸತ್ತವನಲ್ಲ. ಹೆಂಡತಿಯ ಹಣೆಯ ಕುಂಕುಮ, ಕೈಯ ಬಳೆ ಹಾಗೇ ಇರಬೇಕು. ಹನ್ನೆರಡು ತುಂಬುವ ಹೊತ್ತಿಗೆ, ಅವನು ಕೈಯಾರೆ ಹಿಡಿದ ಹುಟ್ಟುಗೋಲನ್ನು ಹೆಣದ ಬದಲಿಗೆ ಚಟ್ಟದ ಮೇಲೆ ಮಲಗಿಸಿ, ಅವನ ಬಟ್ಟೆ ಹೊದಿಸಿ, ದಂಡೆಯಲ್ಲಿ ಬೆಂಕಿ ಕೊಡಬೇಕು. ಯಾಕೆ ಹಾಗೆ ಎಂದು ಮಾಸ್ತಿಯ ಮಗಳು ರೂಪಾಲಿ ಸಣ್ಣವಳಿದ್ದಾಗ ಅಜ್ಜಿಯನ್ನು ಕೇಳಿದ್ದಳು. ಅಜ್ಜಿ, ಅಂದರೆ ಮಾಸ್ತಿಯ ತಾಯಿ, ಯಾವ ಪ್ರಶ್ನೆಗೂ ನೇರ ಉತ್ತರ ಕೊಟ್ಟವಳಲ್ಲ. ಕತೆ ಹೇಳುತ್ತಿದ್ದಳು.

"ನೀರಿನ ತಳದಲ್ಲಿ ಒಂದು ಕೇರಿ ಉಂಟು ಮಗಾ. ನಮ್ಮದರ ಹಾಗೇ. ಮನೆ ಉಂಟು, ಅಂಗಳ ಉಂಟು, ಒಲೆ ಮಾತ್ರ ಇಲ್ಲ. ದಡಕ್ಕೆ ಬರದಿದ್ದ ಗಂಡಸ್ರೆಲ್ಲ ಅಲ್ಲಿ ಒದ್ದೆ ಬಟ್ಟೇಲಿ ಬಲೆ ಹೆಣೀತಾ ಕೂತಿರ್ತ್ರು. ಚಳಿ. ಮೇಲಿಂದ ಮನೆಯವ್ರು ಬೆಂಕಿ ಕೊಟ್ಟ ದಿನ, ಯಾರಿಗೆ ಕೊಟ್ರೋ ಅವ ಬಟ್ಟೆ ಒಣಗ್ಸ್ಕಂಡು ಎದ್ದು ಹೋಗ್ತ. ಉಳದವ್ರು ಹೆಣೀತಾ ಇರೂದೇ."

"ಎದ್ದು ಎಲ್ಲಿಗೆ ಹೋಗ್ತ ಅಜ್ಜಿ?"

"ಅದು ನಂಗೆಂತ ಗೊತ್ತು? ಚಳಿ ಇಲ್ದ ಕಡೆಗೆ."

ದಮಯಂತಿಗೆ ಈ ಕತೆ ಆಗುತ್ತಿರಲಿಲ್ಲ. ಅತ್ತೆ ಶುರು ಮಾಡಿದರೆ ಅವಳು ಬುಟ್ಟಿ ಎತ್ತಿಕೊಂಡು ಹೊರಗೆ ಹೋಗುವಳು. ಅಂಕೋಲೆಯ ಮೀನುಪೇಟೆಯಲ್ಲಿ ಕೂತು ವ್ಯಾಪಾರ ಮಾಡುವ ಹೆಂಗಸು ಅವಳು. ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಎರಡೂ ಕೈಗೆ ಮೊಣಕೈಯವರೆಗೆ ಹಸಿರು ಗಾಜಿನ ಬಳೆ. ಒಂದು ಒಡೆದರೆ ಅದೇ ದಿನ ಇನ್ನೊಂದು. ಓಣಿಯ ಆ ತುದಿಯಲ್ಲಿ ಅವಳು ಬರುತ್ತಿದ್ದಾಳೆಂದು ಈ ತುದಿಯ ಬೆಕ್ಕುಗಳಿಗೆ ಬಳೆಯ ಸದ್ದಿನಿಂದಲೇ ತಿಳಿಯುತ್ತಿತ್ತು.

ಅಪ್ಪನ ಮುಖ ರೂಪಾಲಿಗೆ ಸರಿಯಾಗಿ ನೆನಪಿಲ್ಲ. ನೆನಪಿದ್ದದ್ದು ಒಂದು ಸಂಜೆ. ಕೊಲ್ಲಿಯ ಬಾಯಲ್ಲಿ ಅಪ್ಪ ದೋಣಿ ನಿಲ್ಲಿಸಿ, ಹುಟ್ಟುಗೋಲನ್ನು ನೀರಿಗೆ ನೇರ ಇಳಿಬಿಟ್ಟು, ಮೇಲಿನ ತುದಿಗೆ ಅವಳ ಗಲ್ಲ ಒತ್ತಿದ್ದ.

"ಕಿವಿ ಅಲ್ಲ. ದವಡೆ ಇಡು. ಹಲ್ಲು ಕಚ್ಚು. ಉಸ್ರು ಬಿಡ್ಬೇಡ."

ಮೊದಲು ಏನೂ ಇರಲಿಲ್ಲ. ಆಮೇಲೆ ಕೆಳಗಿನಿಂದ, ಎಷ್ಟೋ ಆಳದಿಂದ, ಕಟ್ಟಿಗೆಯ ಒಳಗೇ ಏರಿ ಬಂದು ಅವಳ ಹಲ್ಲಿನ ಬೇರಿನಲ್ಲಿ ನಿಂತಿತು: ಗುಮ್ಮ್, ಗುಮ್ಮ್. ದೋಡಿ ಮೀನಿನ ಹಿಂಡು. ಹೊಟ್ಟೆಯನ್ನು ತಾನೇ ಡೋಲಿನ ಹಾಗೆ ಬಾರಿಸಿಕೊಳ್ಳುವ ಮೀನು ಅದು.

"ಎಂತ ಮಾತಾಡ್ತವೆ ಅಪ್ಪ?"

"ಮಾತಲ್ಲ. ನೀರಿನಡಿ ಕತ್ಲೆ ಅಲ್ದಾ, ಒಂದಕ್ಕೊಂದು ಕಾಣೂದಿಲ್ಲ. ನಾ ಇಲ್ಲಿ, ನಾ ಇಲ್ಲಿ ಅಂತವೆ. ಅಷ್ಟೇಯ."

ಅಷ್ಟೇ ನೆನಪು. ಆದರೆ ಅದು ತಲೆಯಲ್ಲಿ ಉಳಿದ ನೆನಪಲ್ಲ, ದವಡೆಯಲ್ಲಿ ಉಳಿದದ್ದು. ಬೆಳೆದು ದೊಡ್ಡವಳಾಗಿ, ಕಾಲೇಜನ್ನು ಅರ್ಧಕ್ಕೆ ಬಿಟ್ಟು, ಅಂಕೋಲೆ ಬಸ್‌ಸ್ಟ್ಯಾಂಡಿನ ಹಿಂದಿನ ಮಧುಕರನ ರಿವೈಂಡಿಂಗ್ ಅಂಗಡಿಯಲ್ಲಿ ಸುಟ್ಟುಹೋದ ಫ್ಯಾನು, ಮಿಕ್ಸರ್, ಪಂಪುಗಳ ಮೋಟರಿಗೆ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ಸೇರಿದಾಗಲೂ, ಹಲ್ಲು ಕಚ್ಚಿ ಕೂತರೆ ಆ ಸದ್ದು ಅಲ್ಲೇ ಎಲ್ಲೋ ಇದೆ ಎನಿಸುತ್ತಿತ್ತು.

ಮಧುಕರನಿಗೆ ಅಂಗಡಿಯ ಜೊತೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ವ್ಯವಹಾರ ಇತ್ತು, ಅದರ ಜೊತೆಗೆ ಒಂದು ಬಡಕಲು ಆರ್ಕೆಸ್ಟ್ರಾ. ಒಂದು ಕೀಬೋರ್ಡು, ಒಂದು ಡ್ರಮ್ಮು, ಮದುವೆಯಾದ ಮೇಲೆ ದಪ್ಪಗಾದ ಒಬ್ಬ ಗಾಯಕ. ಸದಾಶಿವಗಡದ ಒಂದು ಮದುವೆಗೆ ಗೋವೆಯ ಬ್ಯಾಂಡು ಬಂದಿತ್ತು, ಮೈಕ್‌ಸೆಟ್ ಮಧುಕರನದು. ಮದುವೆಯ ಹುಡುಗಿ ದೂರದ ನೆಂಟಳಾದ್ದರಿಂದ ರೂಪಾಲಿಯೂ ಹೋಗಿದ್ದಳು. ಊಟದ ಪಂಕ್ತಿ ಬಿಟ್ಟು ಸ್ಪೀಕರಿನ ಡಬ್ಬದ ಪಕ್ಕ ಹೋಗಿ ನಿಂತವಳು ಇದ್ದಕ್ಕಿದ್ದಂತೆ ದವಡೆ ಹಿಡಿದುಕೊಂಡಳು. ಗುಮ್ಮ್, ಗುಮ್ಮ್. ಎಲ್ಲರ ಕಣ್ಣೂ ಹಾಡುವವಳ ಮೇಲಿತ್ತು. ಹಿಂದೆ ಕತ್ತಲಲ್ಲಿ, ನಾಲ್ಕೇ ದಪ್ಪ ತಂತಿಯ ಉದ್ದ ಕತ್ತಿನ ಗಿಟಾರು ಹಿಡಿದು ಒಬ್ಬ ಮುದುಕ ಯಾರಿಗೂ ಬೇಡದವನ ಹಾಗೆ ನಿಂತು ಬಾರಿಸುತ್ತಿದ್ದ.

"ಆ ಹಿಂದಿನವ ಬಾರ್ಸೂದು ಎಂತದು ಮಧುಕರಣ್ಣ?"

"ಬೇಸ್ ಗಿಟಾರು ಮಾರಾಯ್ತಿ. ಅದು ಇದ್ರೆ ಯಾರೂ ಕಿವಿ ಕೊಡೂದಿಲ್ಲ. ಇಲ್ದಿದ್ರೆ ಹಾಡು ನೀರಲ್ಲಿ ತೇಲೂ ತೆಂಗಿನಸಿಪ್ಪೆ ಹಾಗೆ. ನಮ್ಮ ಆರ್ಕೆಸ್ಟ್ರಾ ಕಂಡಿದ್ದೆ ಅಲ್ಲ?"

"ನಾ ಒಂದು ಮಾಡ್ತೆ."

ಮಧುಕರ ನಕ್ಕ. "ಮಾಡು. ಗಣಪತಿಗೆ ಕಾರವಾರದಲ್ಲಿ ನಮ್ಮ ಕಾರ್ಯಕ್ರಮ. ನೀ ಮಾಡಿದ್ದು ದನಿ ಕೊಟ್ರೆ ನಿಂಗೂ ಒಂದು ಕುರ್ಚಿ."

ನಗೆಯಾಡಿ ಹೇಳಿದ್ದನ್ನು ಅವಳು ಗಂಟು ಕಟ್ಟಿ ಇಟ್ಟುಕೊಂಡಳು.

ತಂತಿ ಸುತ್ತುವವಳಿಗೆ ದನಿ ಹಿಡಿಯುವ ಕಾಯಿಲ್ ದೊಡ್ಡ ವಿಷಯವಾಗಿರಲಿಲ್ಲ. ಒಡೆದ ಸ್ಪೀಕರಿನ ಅಯಸ್ಕಾಂತದ ಚೂರುಗಳನ್ನು ಸಾಲಾಗಿ ಜೋಡಿಸಿ, ಹಾಳಾದ ಗೋಡೆ ಗಡಿಯಾರಗಳಿಂದ ಬಿಚ್ಚಿದ ಕೂದಲಿನಷ್ಟು ಸಣ್ಣ ತಂತಿಯನ್ನು ಅದರ ಸುತ್ತ ಉಸಿರು ಬಿಗಿಹಿಡಿದು ಸುತ್ತಿದಳು. ನಾಲ್ಕು ತಂತಿಗೆ ನಾಲ್ಕು ಕೇಬಲ್: ಬೈಕಿನ ಕ್ಲಚ್ಚಿನದು, ಸ್ಕೂಟರಿನ ಬ್ರೇಕಿನದು, ಸೈಕಲ್ ಬ್ರೇಕಿನದು, ಆಕ್ಸಿಲರೇಟರಿನದು. ಬಿಗಿ ಮಾಡಲು ಕಿಟಕಿಯ ಹಳೆ ಬೋಲ್ಟುಗಳು. ಶ್ರುತಿ ಸೇರಿಸುವುದು ಸ್ಪ್ಯಾನರಿನಿಂದ. ಬೆರಳಿಟ್ಟು ಒತ್ತುವ ಮೆಟ್ಟಿಲುಗಳಿಗೆ ಸೈಕಲ್ಲಿನ ಕಡ್ಡಿ ತುಂಡರಿಸಿದಳು. ಒಡಲಿಗೆ, ದಂಡೆಯಲ್ಲಿ ಕೊಳೆಯುತ್ತಿದ್ದ ದೊಡ್ಡ ಬಲೆ ಬಿಡುವ ಹಳೆಯ ರಾಂಪಣಿ ದೋಣಿಯ ಹಲಗೆ ಸಿಕ್ಕಿತು.

"ಇದು ಗಿಟಾರಲ್ಲ, ಗಾಲಿ ಇಲ್ದ ಸ್ಕೂಟರು," ಅಂದ ಮಧುಕರ. "ಪೊಲೀಸ್ರು ಹಿಡದ್ರೆ ಲೈಸೆನ್ಸ್ ಕೇಳ್ತ್ರು."

ತಪ್ಪಿದ್ದು ಗಿಟಾರಿನ ಕತ್ತಿನಲ್ಲಿ. ಪ್ಯಾಕಿಂಗ್ ಪೆಟ್ಟಿಗೆಯ ಪಟ್ಟಿ ತಂತಿ ಬಿಗಿದ ಕೂಡಲೇ ಬಿಲ್ಲಿನ ಹಾಗೆ ಬಾಗಿತು. ಮಾವಿನ ಹಲಗೆ ತುಂಡಾಯಿತು. ಹಲಸಿನದು ಒಂದು ವಾರ ನಿಂತು, ಮಳೆಯ ತೇವ ಕುಡಿದು, ತಿರುಚಿಕೊಂಡು ಮುಖ ಬೇರೆ ಕಡೆ ಮಾಡಿತು. ರೂಪಾಲಿ ಹಿತ್ತಲ ಮೆಟ್ಟಿಲಲ್ಲಿ ಕೂತು ಅದನ್ನೇ ನೋಡುವಳು. ಬುಟ್ಟಿ ತೊಳೆಯುತ್ತ ದಮಯಂತಿ ಅವಳನ್ನು ನೋಡುವಳು.

ಆಷಾಢ ಶುರುವಾದಾಗ ಚಿಕ್ಕಪ್ಪ ಸೋಮು ಬಂದ. ಮಾಸ್ತಿಯ ತಮ್ಮ, ಕಾರವಾರದ ಬೈತಖೋಲದಲ್ಲಿ ಬೋಟಿನ ಕೆಲಸ. ಚಹಾ ಕುಡಿದು, ಲೋಟ ಕೆಳಗಿಟ್ಟು, ಅತ್ತಿಗೆಯ ಕಡೆ ನೋಡದೆ ತಾಯಿಗೆ ಹೇಳಿದ.

"ಈ ಸಲ ಹನ್ನೆರ್ಡು ತುಂಬ್ತದೆ ಅಬ್ಬೆ. ನಾರಿಯಲ್ ಹುಣ್ಣಿಮೆಗೆ ದೋಣಿ ಇಳೀತವೆ. ಅದ್ರ ಮುಂಚೆ ಮುಗ್ಸ್ಬೇಕು. ಅಣ್ಣನ್ನ ಎಷ್ಟು ದಿನ ಅಂತೇಳಿ ನೀರಲ್ಲಿ ಇಡೂದು?"

ಅಜ್ಜಿ ಹೂಂ ಅಂದಳು. ಕಣ್ಣಿಗೆ ಪೊರೆ ಬಂದು ಅವಳಿಗೆ ಬೆಳಕು ಕತ್ತಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಮುಖ ಎತ್ತಿ ಮಾಡಿನ ಕುಣಿಕೆಗಳ ಕಡೆ ತಿರುಗಿಸಿದಳು. "ಅದೊಂದು ಕಂಡ್ಕಂಡು ನಾ ಹೋಗ್ತೆ," ಎಂದಳು. ದಮಯಂತಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಬಳೆಯ ಸದ್ದು ಬಚ್ಚಲಿನವರೆಗೂ ಹೋಗಿ ಅಲ್ಲಿ ನಿಂತಿತು.

ಮರುದಿನ ಅಜ್ಜಿ ನೆರೆಮನೆಗೆ ಹೋಗಿದ್ದ ಹೊತ್ತಿನಲ್ಲಿ ದಮಯಂತಿ ಮಣೆ ಹತ್ತಿ ಕುಣಿಕೆ ಬಿಚ್ಚಿದಳು. ಪಂಚೆ ಸುರುಳಿ ತೆಗೆದಳು. ಹುಟ್ಟುಗೋಲು ಹೊರಬಂತು. ಸಾಗವಾನಿ, ಮೀನೆಣ್ಣೆ ಕುಡಿದು ಕುಡಿದು ಜೇನಿನ ಬಣ್ಣಕ್ಕೆ ಬಂದದ್ದು. ಅವಳು ಅದನ್ನು ರೂಪಾಲಿಯ ತೊಡೆಯ ಮೇಲೆ ಅಡ್ಡ ಇಟ್ಟಳು.

"ಇದು ಬಾಗೂದಿಲ್ಲ."

"ಆಯೀ, ಇದು..." ರೂಪಾಲಿ ತಾಯಿಯ ಮುಖ ನೋಡಿದಳು.

"ಗೊತ್ತು ಎಂತದು ಅಂತ. ಬೆಂಕಿ ಕೊಡೂದಾದ್ರೆ ಕೊಡ್ಲಿ. ಬಳೆ ಒಡೀಲಿ, ಅದು ಊರಿಗೆ. ಆದ್ರೆ ಇದನ್ನ ಸುಡೂಕೆ ನಾ ಬಿಡೂದಿಲ್ಲ. ನಿನ್ನ ಕೈಲಿ ಇರ್ಲಿ. ಎಂತಾದ್ರೂ ಒಂದು ಸದ್ದು ಮಾಡ್ಲಿ."

"ಅಜ್ಜಿಗೆ?"

ದಮಯಂತಿ ಎದ್ದಳು. ಗರಗಸ ತಂದು, ತಾನೇ ಕಾಲಲ್ಲಿ ಒತ್ತಿ ಹಿಡಿದು, ನೀರು ತಳ್ಳುವ ಅಗಲದ ಅಲಗನ್ನು ಕೊಯ್ದು ಬೇರೆ ಮಾಡಿದಳು. ಆ ಅಲಗಿಗೆ ಅಷ್ಟೇ ಉದ್ದದ ಒಂದು ಬಿದಿರ ಗಳ ಬಿಗಿದು, ಪಂಚೆ ಸುತ್ತಿ, ಮತ್ತೆ ಕುಣಿಕೆಗೇರಿಸಿದಳು. ಕೆಳಗಿನಿಂದ ನೋಡಿದರೆ ಏನೂ ಬದಲಾಗಿರಲಿಲ್ಲ.

ಬೇಡವೆನ್ನಬೇಕಿತ್ತು. ರೂಪಾಲಿ ಬೇಡವೆನ್ನಲಿಲ್ಲ. ಕಟ್ಟಿಗೆ ಕೈಗೆ ಬಂದ ಕ್ಷಣವೇ ಅವಳ ಬೆರಳುಗಳು ಅದರ ಮೇಲೆ ಮೆಟ್ಟಿಲುಗಳ ಜಾಗ ಹುಡುಕತೊಡಗಿದ್ದವು. ಬಡಗಿಯಿಂದ ರಂದಾ ಕೇಳಿ ತಂದು ಒಂದು ಮಗ್ಗುಲನ್ನು ಸಪಾಟು ಮಾಡಿದಳು. ಸುರುಳಿ ಸುರುಳಿ ಬಿದ್ದ ಸಿಬಿರಿನಿಂದ ಸಮುದ್ರದ ವಾಸನೆ ಬಂತು.

ಒಡಲಿಗೂ ಕತ್ತಿಗೂ ಅಂಟು ಹಾಕಿ, ಕಲ್ಲು ಹೇರಿ, ಎರಡು ದಿನ ಬಿಟ್ಟಳು. ತಂತಿ ಬಿಗಿದ ಕೂಡಲೇ ಜೋಡು ಬಾಯಿ ಬಿಟ್ಟಿತು. ಮತ್ತೆ ಹಾಕಿದಳು, ಮತ್ತೆ ಬಿಟ್ಟಿತು. ಮಳೆಗೆ ಒಣಗುವುದಿಲ್ಲವೆಂದು ಬೂದಿಕೆಂಡದ ಬಳಿ ಇಟ್ಟಳು. ಕಟ್ಟಿಗೆ ಬೆವರಿದ ಹಾಗೆ ಎಣ್ಣೆ ಹನಿಯಿತು. ಅಂಗಳದಲ್ಲಿ ಕೂತ ಅಜ್ಜಿ ಕೇಳಿದಳು, "ಎಂತಕ್ಕೆ ಆಗಿಂದ ಹಲಗೆ ಹತ್ರ ಜಗಳ?"

"ಅಂಟು ಹಿಡೀತಾ ಇಲ್ಲ ಅಜ್ಜಿ."

ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ದೋಣಿ ಹಲಗೆಗೆ ಅಂಟಾ? ಹತ್ತಿಪ್ಪತ್ತು ವರ್ಷ ಮೀನೆಣ್ಣೆ ಕುಡದ ಕಟ್ಗೆ ಅದು. ಅದ್ಕೆ ಎಂತದೂ ಅಂಟೂದಿಲ್ಲ. ಮೀನುಗಾರರ ಮನೇಲಿ ಹುಟ್ಟಿ ಇಷ್ಟೂ ಗೊತ್ತಿಲ್ಲ ನಿಂಗೆ. ದೋಣಿಯನ್ನ ಹೊಲೀಬೇಕು. ತಾ ಇಲ್ಲಿ. ತೂತು ಹೊಡಿ. ಕತ್ತ ತಾ."

ರಾಂಪಣಿ ದೋಣಿಗಳನ್ನು ಮೊಳೆ ಹೊಡೆಯದೆ ಕತ್ತದ ಹುರಿಯಿಂದ ಹೊಲಿಯುತ್ತಿದ್ದ ಕಾಲದಲ್ಲಿ ಹುರಿ ಹೊಸೆದು ಕೊಡುತ್ತಿದ್ದವಳು ಅಜ್ಜಿ. ಕಣ್ಣು ಬೇಕಿರಲಿಲ್ಲ. ಹಲಗೆಯನ್ನು ಮಡಿಲಿಗೆ ಹಾಕಿಕೊಂಡು, ನೀರಲ್ಲಿ ನೆನೆಸಿದ ಹುರಿಯನ್ನು ತೂತಿನಿಂದ ತೂತಿಗೆ ದಾಟಿಸಿ, ಕಾಲಿನ ಹೆಬ್ಬೆರಳಿಗೆ ಸುತ್ತಿ ಎಳೆದು ಬಿಗಿಯುತ್ತ ಹೋದಳು. ರೂಪಾಲಿ ಅಜ್ಜಿಯ ಬೆರಳುಗಳನ್ನೇ ನೋಡುತ್ತಿದ್ದಳು. ಕಟ್ಟಿಗೆಯ ಹಿಂಬದಿ ಇನ್ನೂ ದುಂಡಗೇ ಇತ್ತು. ಒಂದು ಕಡೆ, ದೋಣಿಯ ಅಂಚಿನ ಹಗ್ಗದ ಬಳೆಯಲ್ಲಿ ವರ್ಷಗಟ್ಟಲೆ ಉಜ್ಜಿ ಉಜ್ಜಿ ಬಿದ್ದ ತಗ್ಗು ಇತ್ತು.

ಅಜ್ಜಿಯ ಹೆಬ್ಬೆರಳು ಆ ತಗ್ಗಿಗೆ ಬಂದು ನಿಂತಿತು.

ಒಮ್ಮೆ ಮೇಲೆ ಹೋಯಿತು. ಒಮ್ಮೆ ಕೆಳಗೆ ಬಂತು. ಮಗುವಿನ ಬೆನ್ನು ಸವರುವ ಹಾಗೆ ಸವರಿತು. ಹಿತ್ತಲಲ್ಲಿ ಕೋಳಿಯೊಂದು ಕೆದಕುತ್ತಿತ್ತು. ಅಜ್ಜಿ ಮುಖವೆತ್ತಿ ಮನೆಯ ಒಳಗಿನ ಮಾಡಿನ ಕಡೆ ತಿರುಗಿದಳು, ಮತ್ತೆ ತಗ್ಗಿಸಿದಳು.

"ಯಾರು ಕೊಟ್ರು?"

"ಆಯಿ."

"ಅಲಗು?"

"ಮೇಲೆ ಉಂಟು. ಬಿದಿರಿಗೆ ಕಟ್ಟಿಟ್ಟಳು."

ಅಜ್ಜಿ ಹೆಬ್ಬೆರಳನ್ನು ತಗ್ಗಿನಿಂದ ತೆಗೆದಳು. ಆಮೇಲೆ ಹುರಿಯ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮುಂದಿನ ತೂತು ಹುಡುಕಿದಳು. "ಹೊಲಿಗೆ ಅರ್ಧಕ್ಕೆ ಬಿಟ್ರೆ ನೀರು ಒಳಗೆ ಬತ್ತದೆ," ಎಂದಳು. ಕೊನೆಯ ಗಂಟು ಹಾಕಿ ಮುಗಿಸಿದ ಮೇಲೆಯೇ ಇನ್ನೊಂದು ಮಾತು ಆಡಿದ್ದು. "ನಂಗೆ ಗೊತ್ತಾತು ಅಂತೇಳಿ ನಿನ್ನ ಆಯಿಗೆ ಹೇಳ್ಬೇಡ. ಅವಳಿಗೂ ಎಂತಾದ್ರೂ ಬೇಕಲ್ಲ. ಬಾರ್ಸು ಕಾಂಬ."

ತಂತಿ ಬಿಗಿದು ರೂಪಾಲಿ ದಪ್ಪ ತಂತಿಯನ್ನು ಮಿಡಿದಳು. ಸ್ಪೀಕರಿನ ಪೆಟ್ಟಿಗೆಗೆ ಜೋಡಿಸದ ಬೇಸ್ ಗಿಟಾರು ಹೊರಗೆ ಅಷ್ಟಾಗಿ ಕೇಳುವುದಿಲ್ಲ. ಅಜ್ಜಿ ತಲೆಯಾಡಿಸಿದಳು. "ದವಡೆ ಇಡು ಅಜ್ಜಿ," ಅಂದಳು ರೂಪಾಲಿ. ಅಜ್ಜಿ ಬಾಗಿ ಹಲಗೆಯ ಅಂಚಿಗೆ ಗಲ್ಲ ಒತ್ತಿದಳು. ಮತ್ತೆ ಮಿಡಿದಾಗ ಅವಳ ಹುಬ್ಬು ಮೇಲೇರಿತು.

"ಇದು ಅವ್ನ ದನಿ ಅಲ್ಲ," ಎಂದಳು. "ಅವ ಕೇಳ್ತಿದ್ದ ದನಿ."

ಅಂಗಡಿಯಲ್ಲಿ ಹಳೇ ರೇಡಿಯೋದ ಆಂಪ್ಲಿಫೈಯರಿಗೆ ಅದನ್ನು ಸಿಕ್ಕಿಸಿದ ದಿನ, ಗಾಜಿನ ಬಾಟಲಿಯಲ್ಲಿದ್ದ ಸ್ಕ್ರೂಗಳೆಲ್ಲ ಒಟ್ಟಿಗೆ ಕುಣಿದವು. ಎದುರಿನ ಹೋಟೆಲಿನಲ್ಲಿ ಅವಲಕ್ಕಿ ತಿನ್ನುತ್ತಿದ್ದವರು ಎದ್ದು ಬಂದರು. ಮಧುಕರ ಮೊದಲ ಸಲ ತಮಾಷೆ ಮಾಡಲಿಲ್ಲ. ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು, "ಕುರ್ಚಿ ಗಟ್ಟಿಯಾತು," ಎಂದ. ಆಮೇಲೆ ದಿನವೂ ಅಂಗಡಿ ಮುಚ್ಚುವ ಮುಂಚೆ ಅವನು ಕೀಬೋರ್ಡು ಹಿಡಿದರೆ ಇವಳು ಕೆಳಗಿನ ದನಿ ಹಿಡಿಯುವಳು. ಬೆರಳಿನ ತುದಿಗಳು ಒಡೆದು, ಗಟ್ಟಿಯಾಗಿ, ಮತ್ತೆ ಒಡೆದವು.

ಮನೆಯಲ್ಲಿ ದಮಯಂತಿಗೆ ಹೊಸದೊಂದು ರೂಢಿ ಬಂತು. ಪೇಟೆಗೆ ಹೊರಡುವ ಮುಂಚೆ, ಒಣಮೀನಿನ ಬುಟ್ಟಿ ಬಾಗಿಲಲ್ಲಿ ಇಟ್ಟು, ಮಗಳ ಎದುರು ಮೊಣಕಾಲೂರಿ ಕೂತು ಹಲಗೆಗೆ ಗಲ್ಲ ಇಡುವಳು. "ಒಂದು ಸಲ," ಎನ್ನುವಳು. ಕಣ್ಣು ಮುಚ್ಚುವಳು. ಒಮ್ಮೆ ಹಾಗೆ ಕೂತವಳು ಒಲೆಯ ಮೇಲಿನ ಗಂಜಿ ಸೀದು ವಾಸನೆ ಬಂದರೂ ಏಳಲಿಲ್ಲ. ಕಟ್ಟಿಗೆಗೆ ತಾಗಿ ಬಳೆಗಳೂ ಸಣ್ಣಗೆ ನಡುಗುತ್ತಿದ್ದವು. ಅವಳ ಮುಖವನ್ನು ಅಷ್ಟು ಎಳೆಯದಾಗಿ ರೂಪಾಲಿ ಎಂದೂ ನೋಡಿರಲಿಲ್ಲ.

ಅಜ್ಜಿ ಮಾತ್ರ ಇಳಿದುಹೋಗುತ್ತಿದ್ದಳು. ಶ್ರಾವಣದ ಸೆಕೆಯಲ್ಲೂ ಕಂಬಳಿ ಕೇಳುವಳು. ಸಮುದ್ರದ ಕಡೆಯ ಜಗುಲಿ ಬಿಟ್ಟು ಒಳಗೆ ಬಾರಳು. ಒಂದು ಮಧ್ಯಾಹ್ನ ರೂಪಾಲಿ ಹತ್ತಿರ ಕೂತು, "ನೀರಿನಡಿ ಕೇರಿ ಕತೆ ಹೇಳು ಅಜ್ಜಿ," ಎಂದಳು.

"ಆ ಕತೆ ಮುಗೀತು ಮಗಾ."

"ಮುಗದ್ದಾ? ಹೇಗೆ ಮುಗೀತು?"

ಅಜ್ಜಿ ನೀರು ಕೇಳಿದಳು. ರೂಪಾಲಿ ನೀರು ತರಲು ಒಳಗೆ ಹೋದಳು. ತಂಬಿಗೆ ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಅಜ್ಜಿ ಸಮುದ್ರದ ಕಡೆ ಮುಖ ಮಾಡಿ, ಕಂಬಳಿಯೊಳಗೆ ಕಾಲು ಮುದುಡಿಕೊಂಡು, ಜ್ವರ ಬಂದ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳುತ್ತಿದ್ದಳು: "ಸ್ವಲ್ಪ ತಡಿ ಮಾಸ್ತಿ. ಅವ್ರು ಕೊಡೂ ಬೆಂಕಿ ನಿಂಗೆ ಮುಟ್ಟೂದಿಲ್ಲ. ಅಳ್ಬೇಡ. ನಾನೇ ಬತ್ತೆ. ಇಬ್ರೂ ಕೂತ್ಕಂಡ್ರೆ ಅಷ್ಟು ಚಳಿ ಆಗೂದಿಲ್ಲ."

ತಂಬಿಗೆಯ ನೀರು ರೂಪಾಲಿಯ ಕಾಲ ಮೇಲೆ ಚೆಲ್ಲಿತು.

ಆಯಿಗೊಂದು ಸದ್ದು ಬೇಕಿತ್ತು. ಅಜ್ಜಿಗೆ ಒಂದು ಬೆಂಕಿ. ಕಟ್ಟಿಗೆ ಒಂದೇ ಇತ್ತು. ರೂಪಾಲಿಗೂ ಅದು ಬೇಕಿತ್ತು, ಎಲ್ಲರಿಗಿಂತ ಹೆಚ್ಚು ಬೇಕಿತ್ತು ಎಂಬುದೇ ಅವಳಿಗೆ ನಾಚಿಕೆಯ ವಿಷಯವಾಗಿ ಕಂಡಿತು. ಗಣಪತಿಯ ಮಂಟಪ, ದೀಪ, ಸ್ಪೀಕರಿನ ಡಬ್ಬ, ಹಿಂದೆ ಕತ್ತಲಲ್ಲಿ ಒಂದು ಕುರ್ಚಿ, ಇದೆಲ್ಲ ಎಷ್ಟು ಸಲ ಕಣ್ಣೆದುರು ಬಂದಿತ್ತೋ. ಆ ಕುರ್ಚಿಯಲ್ಲಿ ಕೂತು ಅವಳು ನಾ ಇಲ್ಲಿ, ನಾ ಇಲ್ಲಿ ಎನ್ನುತ್ತಿದ್ದಳು. ಕೆಳಗೆ ಯಾರೋ ಹೆಣೆಯುವುದನ್ನು ನಿಲ್ಲಿಸಿ ತಲೆಯೆತ್ತುತ್ತಿದ್ದರು. ಈಗ ಆ ತಲೆಯೆತ್ತಿದವನ ಬಟ್ಟೆಯಿಂದ ನೀರು ತೊಟ್ಟಿಕ್ಕುವುದೂ ಕಂಡಿತು.

ಬೆಂಕಿ ಕೊಡಲು ಸೋಮು ಬರುವ ಹಿಂದಿನ ದಿನ ಬೆಳಿಗ್ಗೆ ದಮಯಂತಿ ಪೇಟೆಗೆ ಹೋದ ಮೇಲೆ ರೂಪಾಲಿ ತಂತಿ ಸಡಿಲಿಸಿದಳು. ಒಂದೊಂದೂ ಇಳಿಯುತ್ತ ಇಳಿಯುತ್ತ ಗೊಣಗಿ ಸುಮ್ಮನಾಯಿತು. ಕಡ್ಡಿಗಳನ್ನು ಇಕ್ಕಳದಿಂದ ಕಿತ್ತಳು. ಎರಡು ಮಾತ್ರ ಆಳಕ್ಕೆ ಹೋಗಿದ್ದವು, ಬರಲಿಲ್ಲ. ಹೊಲಿಗೆಗೆ ಚೂರಿ ಇಟ್ಟಾಗ ಜಗುಲಿಯಿಂದ ಅಜ್ಜಿಯ ದನಿ ಬಂತು.

"ಎಂತ ಕೊಯ್ತೆ?"

"ಎಂತ ಇಲ್ಲ ಅಜ್ಜಿ."

ಅಜ್ಜಿ ಗೋಡೆ ಹಿಡಿದು ಒಳಗೆ ಬಂದಳು. ಕೂತು, ತಡಕಾಡಿ, ಸಡಿಲವಾಗಿ ಬಿದ್ದ ತಂತಿಯನ್ನು ಮುಟ್ಟಿದಳು.

"ಬೇಡ ಮಗಾ. ಬಿಡು. ಅವಳಿಗೆ ಇರ್ಲಿ. ನಿಂಗೆ ಇರ್ಲಿ."

ರೂಪಾಲಿ ಚೂರಿ ಒತ್ತಿದಳು. ಕತ್ತ ಗರ್ರೆಂದಿತು. ಅಜ್ಜಿ ಅವಳ ಕೈ ಹಿಡಿದಳು. ರೂಪಾಲಿ ಚೂರಿ ಬಿಡಲಿಲ್ಲ.

"ಕೊಯ್ಬೇಡ ಹಾಗಾದ್ರೆ," ಎಂದಳು ಅಜ್ಜಿ ಕೊನೆಗೆ. "ಹುರಿ ಹಾಳಾಗ್ತದೆ. ತುದಿ ಇಲ್ಲಿ ಉಂಟು ಕಾಣು." ತಾನೇ ಹಾಕಿದ ಗಂಟನ್ನು ತಾನೇ ಹುಡುಕಿ, ಉಗುರಿನಿಂದ ಎಬ್ಬಿಸಿ, ತೂತಿನಿಂದ ತೂತಿಗೆ ಹುರಿಯನ್ನು ಹಿಂದಕ್ಕೆ ತೆಗೆಯುತ್ತ ಹೋದಳು. ಹೊಲಿದದ್ದಕ್ಕಿಂತ ಬಿಚ್ಚಿದ್ದೇ ನಿಧಾನ.

ಕುಣಿಕೆಯಿಂದ ಬಿದಿರು ಇಳಿಯಿತು, ಕಟ್ಟಿಗೆ ಅಲಗಿನ ಜೊತೆ ಸೇರಿತು. ಪಂಚೆ ಮತ್ತೆ ಸುತ್ತಿಕೊಂಡಿತು. ಸಂಜೆ ದಮಯಂತಿ ಬಂದು ಗಿಟಾರೆಲ್ಲಿ ಎಂದು ಕೇಳಿದರೆ ಅಂಗಡಿಯಲ್ಲಿದೆ ಎಂದು ರೂಪಾಲಿ ಹೇಳಿದಳು. ಹೇಳುವಾಗ ಸ್ಪ್ಯಾನರು ಒರೆಸುತ್ತಿದ್ದಳು.

ಹೆಣವಿಲ್ಲದ ಮೆರವಣಿಗೆಗೆ ಹೆಂಗಸರೂ ಹೋಗಬಹುದು ಎಂದು ಅಜ್ಜಿ ಹೇಳಿದ್ದರಿಂದ ಎಲ್ಲರೂ ದಂಡೆಗೆ ಹೋದರು. ಮಳೆ ಬಿಡುವು ಕೊಟ್ಟಿತ್ತು. ಸಮುದ್ರ ಇನ್ನೂ ಕೆಂಪಗೆ ಕದಡಿಕೊಂಡೇ ಇತ್ತು. ಒಟ್ಟಿದ ಸೌದೆಯ ಮೇಲೆ ಸೋಮು ಪಂಚೆಯ ಸುರುಳಿಯನ್ನು ಮಲಗಿಸಿದ. ನೆರೆಯ ಹೆಂಗಸರು ದಮಯಂತಿಯನ್ನು ಕಲ್ಲಿನ ಬಳಿ ಕರೆದಾಗ ಅವಳು ತಾನಾಗಿ ಕೈ ಚಾಚಿದಳು. ಬಳೆ ಒಡೆಯುವಾಗ ಮುಖ ಆಚೆ ಮಾಡಲಿಲ್ಲ. ಎಷ್ಟು ಗಟ್ಟಿ ಹೆಂಗಸು ಎಂದು ಯಾರೋ ಪಿಸುಗುಟ್ಟಿದರು. ಅವಳು ಗಟ್ಟಿಯಾಗಿದ್ದದ್ದು ಯಾಕೆಂದು ರೂಪಾಲಿಗೂ ಅಜ್ಜಿಗೂ ಮಾತ್ರ ಗೊತ್ತಿತ್ತು. ರೂಪಾಲಿ ಮರಳಲ್ಲಿ ಕೂತುಬಿಟ್ಟಳು.

ಸೋಮು ಬೆಂಕಿ ಕೊಟ್ಟ. ಪಂಚೆ ಮೊದಲು ಹೋಯಿತು.

ಬಿದಿರು ಬೆಂಕಿಯಲ್ಲಿ ಸುಮ್ಮನಿರುವುದಿಲ್ಲ. ಗಿಣ್ಣು ಗಿಣ್ಣಿಗೂ ಪಟಾಕಿಯ ಹಾಗೆ ಸಿಡಿಯುತ್ತದೆ. ದಮಯಂತಿ ಅದಕ್ಕಾಗಿ ಕಾಯುತ್ತಿದ್ದಳು. ಜನರಿಗೆ ಏನು ಹೇಳಬೇಕೆಂದೂ ಎಣಿಸಿಟ್ಟುಕೊಂಡಿರಬೇಕು. ಬೆಂಕಿ ಏರಿತು, ಸಿಡಿಯಲಿಲ್ಲ. ಎಣ್ಣೆ ಕುಡಿದ ಸಾಗವಾನಿ ನಿಧಾನವಾಗಿ, ಒಂದೇ ಸಮನೆ, ಹೊಟ್ಟೆಯೊಳಗಿನಿಂದ ಗುಮ್ಮೆನ್ನುತ್ತ ಉರಿಯಿತು. ಮೀನೆಣ್ಣೆಯ ದಪ್ಪ ಹೊಗೆ ದಂಡೆಯ ಉದ್ದಕ್ಕೂ ಹರಿಯಿತು. ಅಜ್ಜಿ ಹೊಗೆಯ ಕಡೆ ಮುಖ ಮಾಡಿ, ಕಂಬಳಿ ಹೆಗಲಿಂದ ಜಾರಿದ್ದನ್ನು ಮತ್ತೆ ಎಳೆದುಕೊಳ್ಳದೆ ನಿಂತಿದ್ದಳು.

ದಮಯಂತಿ ಒಂದು ಹೆಜ್ಜೆ ಮುಂದೆ ಹೋದಳು. ನಿಂತಳು. ತಲೆ ಓರೆ ಮಾಡಿ ಇನ್ನೂ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ತಿರುಗಿ ಬೆಂಕಿಯ ಈಚೆ ಕೂತ ಮಗಳನ್ನು ನೋಡಿದಳು. ಬರಿಗೈಗಳು ಮೇಲೆ ಬಂದು, ಏನನ್ನೂ ಹಿಡಿಯದೆ, ಕೆಳಗೆ ಹೋದವು. ಅವಳು ಅತ್ತದ್ದು ಆಗ. ಹನ್ನೆರಡು ವರ್ಷ ಕಟ್ಟಿಟ್ಟದ್ದು. ಕೇರಿಯವರು ಇದು ಬಳೆಯ ಅಳು ಎಂದುಕೊಂಡರು.

ಮೂರನೆಯ ದಿನ ಬೂದಿ ಎತ್ತುವಾಗ ಸೋಮುವಿನ ಕೈಗೆ ಎರಡು ಉಕ್ಕಿನ ಚೂರು ಸಿಕ್ಕವು. "ಇದೆಂತದು? ಸೈಕಲ್ ಕಡ್ಡಿ ಹಾಂಗೆ ಉಂಟು," ಎಂದು ಎಸೆಯಹೋದ. ದಮಯಂತಿ ಕೈ ಚಾಚಿ ಈಸಿಕೊಂಡಳು. ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿದಳು. ಉಳಿದದ್ದು ಮಡಕೆಗೆ ಹೋಯಿತು, ಮಡಕೆ ಸಮುದ್ರಕ್ಕೆ.

ಅಜ್ಜಿ ಆ ರಾತ್ರಿಯಿಂದ ಕಂಬಳಿ ಕೇಳಲಿಲ್ಲ. ಹುಣ್ಣಿಮೆಗೆ ದೋಣಿಗಳು ಇಳಿದವು. ಗಣಪತಿಗೆ ಕಾರವಾರದಲ್ಲಿ ಮಧುಕರ ಕೀಬೋರ್ಡಿನ ಎಡಗೈಯಲ್ಲೇ ಕೆಳಗಿನ ದನಿ ಬಾರಿಸಿಕೊಂಡ. ರೂಪಾಲಿ ಮೈಕಿನ ವಯರು ಸುತ್ತಿದಳು. ಕತ್ತಿಲ್ಲದ ಹಲಗೆ ಅಂಗಡಿಯ ಗೋಡೆಯಲ್ಲಿ, ಸಾಲು ತೂತುಗಳ ಸಮೇತ, ಕ್ಯಾಲೆಂಡರಿನ ಪಕ್ಕ ತೂಗಿತ್ತು. ಇನ್ನೊಂದು ಕತ್ತು ಹುಡುಕು ಎಂದು ಮಧುಕರ ಒಂದೆರಡು ಸಲ ಹೇಳಿ ಬಿಟ್ಟುಬಿಟ್ಟ.

ದಮಯಂತಿ ಮಗಳನ್ನು ಬೈಯಲಿಲ್ಲ, ಕೇಳಲೂ ಇಲ್ಲ. ಊಟ ಬಡಿಸುವಳು, ಇನ್ನೊಂದು ಸೌಟು ಬೇಕೋ ಎನ್ನುವಳು. ಬಳೆಯ ಸದ್ದಿಲ್ಲದೆ ಅವಳು ಯಾವಾಗ ಬಂದಳು, ಯಾವಾಗ ಹೋದಳು ಎಂದು ಮನೆಗೂ ತಿಳಿಯುತ್ತಿರಲಿಲ್ಲ.

ಚೌತಿ ಕಳೆದ ಮೇಲೆ ಒಂದು ದಿನ ಕರೆಂಟು ಹೋಗಿ ಅಂಗಡಿ ಬೇಗ ಮುಚ್ಚಿತು. ರೂಪಾಲಿ ಮನೆಗೆ ಬಂದಾಗ ಅಡುಗೆಕೋಣೆಯಲ್ಲಿ, ಖಾಲಿ ಕುಣಿಕೆಗಳ ಕೆಳಗೆ, ಆಯಿ ಗೋಡೆಗೊರಗಿ ಕೂತಿದ್ದಳು. ಸೆರಗಿನ ಗಂಟು ಬಿಚ್ಚಿತ್ತು. ಕಡ್ಡಿಯ ಚೂರೊಂದನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು, ಕಣ್ಣು ಮುಚ್ಚಿ, ಹೊರಗಿನ ತುದಿಯನ್ನು ತೋರುಬೆರಳಿನಿಂದ ಮಿಡಿಯುತ್ತಿದ್ದಳು. ಮಿಡಿದು ಕಾಯುವಳು. ಮತ್ತೆ ಮಿಡಿದು ಕಾಯುವಳು.

ರೂಪಾಲಿ ಬಾಗಿಲಲ್ಲೇ ನಿಂತಳು. ಅಲ್ಲಿಗೆ ಏನೂ ಕೇಳಿಸುತ್ತಿರಲಿಲ್ಲ.